ಒಂಬತ್ತು ಪಾದ, ಐದು ಪಾದ

ಆಗ ಗೋಕಾಕದ ಪೇಟೆಯಲ್ಲಿ ಬಾಡಿಗೆ ಮನೆ ಬೇಕೆಂದರೆ ಒಬ್ಬ ದಲಾಲನನ್ನು ಹಿಡಿಯಬೇಕಿತ್ತು. ಚಹಾದಂಗಡಿಯ ಗೋಡೆಗೆ ಅವನು ಚೀಟಿ ಅಂಟಿಸುತ್ತಿದ್ದ. ‘ನಾಲ್ಕು ಅಂಕಣದ ಮನೆ. ಮೂಡಲ ಬಾಗಿಲು. ಹಿತ್ತಲಲ್ಲಿ ಬಾವಿ, ಸಿಹಿನೀರು. ನೆರೆ ಒಳ್ಳೆಯದು.’ ಬಾವಿಯ ನೀರಿನ ರುಚಿಯನ್ನೂ ಬಿಡದೆ ಬರೆಯುವ ಮನುಷ್ಯ, ಕೋಣೆ ಎಷ್ಟು ಉದ್ದ ಎಷ್ಟು ಅಗಲ ಎಂದು ಮಾತ್ರ ಒಂದು ಚೀಟಿಯಲ್ಲೂ ಬರೆದವನಲ್ಲ. ಅಂಕಣವೆಂದರೆ ಎರಡು ಕಂಬಗಳ ನಡುವಿನ ಜಾಗ. ಕಂಬ ದೂರ ನೆಟ್ಟರೆ ದೊಡ್ಡದು, ಹತ್ತಿರ ನೆಟ್ಟರೆ ಸಣ್ಣದು. ನಾಲ್ಕು ಅಂಕಣವೆಂದರೆ ವಾಡೆಯೂ ಆದೀತು, ಆಡು ಕಟ್ಟುವ ಗೂಡೂ ಆದೀತು.

ನಮ್ಮ ಮನೆಯವರು ಕನ್ನಡ ಸಾಲಿ ಮಾಸ್ತರರು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದಾಗ ಮೂಡಲಗಿಯಿಂದ ಗೋಕಾಕಕ್ಕೆ ವರ್ಗವಾಯಿತು. ಹುಡುಗರಿಗೆ ಲೆಕ್ಕ ಕಲಿಸುವ ಈ ಮಹಾನುಭಾವರು ಆ ಚೀಟಿ ಓದಿ, ಮನೆಯನ್ನು ಹೊರಗಿನಿಂದ ನೋಡಿ, ಹೂಂ ಅಂದು ಬಂದುಬಿಟ್ಟರು. ಒಳಗೆ ಹೋಗಲಿಲ್ಲವೇ ಎಂದು ಕೇಳಿದರೆ ಕೀಲಿಕೈ ಸಿಗಲಿಲ್ಲ ಅಂದರು. ಕಟ್ಟಿಕೊಂಡದ್ದಾಗಿತ್ತು, ಏನು ಮಾಡಲಿ.

ನನಗಾಗ ಆರು ತಿಂಗಳು. ಮೊದಲಿನ ಕೂಸು ಹುಟ್ಟಿದ ಮೂರನೇ ದಿನಕ್ಕೆ ಹೋಗಿತ್ತು, ನಾನೂ ಅದರ ಬೆನ್ನಹಿಂದೆಯೇ ಹೊರಟವಳು ಹೇಗೋ ಉಳಿದಿದ್ದೆ. ತವರಿನಲ್ಲಿ ತಾಯಿ ಇರಲಿಲ್ಲ, ಹೀಗಾಗಿ ಈ ಸಲದ ಬಾಣಂತನ ಗೋಕಾಕದಲ್ಲೇ ಆಗಬೇಕಿತ್ತು. ಮನೆಯಲ್ಲಿ ಇನ್ನೊಬ್ಬರೆಂದರೆ ಅತ್ತೆ. ಲಕ್ವಾ ಹೊಡೆದು ಎಡಮೈ ಬಿದ್ದುಹೋಗಿ ಮೂರು ವರ್ಷದಿಂದ ಮಂಚದ ಮೇಲೇ ಇದ್ದರು. ಬಲಗೈ ಗಟ್ಟಿ ಇತ್ತು, ಬಾಯಿ ಗಟ್ಟಿ ಇತ್ತು. ಬಾಯಿ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಗಟ್ಟಿ.

ಚಕ್ಕಡಿಯಿಂದ ಸಾಮಾನು ಇಳಿಸಿದ ದಿನವೇ ನನಗೆ ತಲೆ ಕೆಟ್ಟಿತು. ಪಡಸಾಲೆ, ಅಡಿಗೆಮನೆ, ನಡುವೆ ಒಂದು ಕೋಣೆ. ಆ ಕೋಣೆಯಲ್ಲಿ ಅತ್ತೆಯ ಮಂಚವನ್ನು ಗೋಡೆಗೆ ಹಚ್ಚಿ ಹಾಕಿದರೆ ಬಾಜೂಕ್ಕೆ ಒಂದು ಪಟ್ಟಿ ನೆಲ ಉಳಿಯಿತು, ಅಷ್ಟೇ. ಬಾಗಿಲಲ್ಲಿ ನಿಂತಿದ್ದ ದಲಾಲನನ್ನು ಹಿಡಿದು, ಇದು ಎಷ್ಟು ಫೂಟಿನ ಕೋಣೆಯಪ್ಪಾ, ಚೀಟಿಯಲ್ಲಿ ಬರೆಯಲಿಕ್ಕೆ ಏನು ಧಾಡಿ ಎಂದು ಕೇಳಿದೆ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

‘ಅಕ್ಕಾರ, ಮನಿ ಒಳಗಿನ ಅಳತಿ ನಾ ಹೇಳಾಂಗಿಲ್ಲ, ಬರಿಯಾಂಗಿಲ್ಲ. ಹೊರಗ ಬೇಕಾದಷ್ಟು ಅಳೀರಿ. ಒಳಗ ಅಳಿಯಾಕ ಹೋಗಬ್ಯಾಡ್ರಿ.’

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎಂದು ಅವನಿಗೆ ಕೇಳುವಂತೆಯೇ ಅಂದೆ. ಅವನು ಸಿಟ್ಟಾಗಲಿಲ್ಲ. ಕೋಣೆಯ ಕಡೆ ಒಮ್ಮೆಯೂ ನೋಡದೆ ಪಡಸಾಲೆ ಇಳಿದು ಹೋದ.

ಹತ್ತು ದಿನ ಕಳೆದಿರಬೇಕು. ಬಾಣಂತಿಯ ಹೊರಸು ಮಾಡಿಸಬೇಕಿತ್ತು. ಮಮದಾಪುರದ ಬಡಿಗ ಸಂತೆಗೆ ಬಂದವನು ಜಾಗದ ಅಳತೆ ಕೊಡಿರಿ ಅಂದಿದ್ದ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡಬೇಕು, ನಾನು ಇಳಿದು ಹತ್ತಲು ಇಂಬು ಬೇಕು. ಮನೆಯಲ್ಲಿ ಟೇಪೂ ಇಲ್ಲ, ಗಜಕಡ್ಡಿಯೂ ಇಲ್ಲ. ಮಧ್ಯಾಹ್ನ ಅತ್ತೆಗೆ ಉಣ್ಣಿಸಿ ಕೈ ತೊಳೆದವಳು, ಮಂಚದ ಬಾಜೂದ ಆ ಪಟ್ಟಿ ನೆಲದ ಮೇಲೆ ಬೆರಳಿಗೆ ಹಿಮ್ಮಡ ಹಚ್ಚಿ ಹಚ್ಚಿ ಪಾದ ಇಡುತ್ತ, ದೊಡ್ಡ ದನಿಯಲ್ಲಿ ಎಣಿಸುತ್ತ ಹೊರಟೆ. ಉದ್ದ ಒಂಬತ್ತು ಪಾದ. ತಿರುಗಿ ಅಡ್ಡ ಎಣಿಸಿದೆ. ಐದು ಪಾದ. ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸರಿಯಾಗಿ ನನಗೇ ಮಾಡಿಸಿದಂತಿದೆ ಎಂದು ನಗುತ್ತ ಅತ್ತೆಯ ಮುಖ ನೋಡಿದೆ.

ಆ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ. ಬಾಯಿ ಅರ್ಧ ತೆರೆದಿತ್ತು, ಕಣ್ಣು ನನ್ನ ಪಾದದ ಮೇಲೆ ನೆಟ್ಟಿತ್ತು.

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂಡಿಸಿ ಹೂಳುತ್ತಾರೆ. ಕುಣಿಯನ್ನು ಸತ್ತವರದೇ ಪಾದದ ಅಳತೆಯಲ್ಲಿ ತೆಗೆಯುತ್ತಾರೆ. ಒಂಬತ್ತು ಪಾದ ಉದ್ದ, ಐದು ಪಾದ ಅಗಲ. ಸಣ್ಣವಳಿದ್ದಾಗಿನಿಂದ ಕೇಳಿದ ಮಾತೇ. ಆದರೆ ಅದು ಗಂಡಸರ ಕೆಲಸ, ನಮ್ಮ ಮನೆತನದ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಅಳೆಯುವುದನ್ನು ನಾನು ಕಣ್ಣಿಂದ ಕಂಡವಳಲ್ಲ. ನಾಲಿಗೆ ಕಚ್ಚಿಕೊಂಡೆ. ಹಾಸಿಗೆ ಹಿಡಿದ ಮುದುಕಿಯ ಮಗ್ಗುಲಲ್ಲಿ ಕುಣಿ ಅಳೆದ ಸೊಸೆಯೆಂದರೆ ನಾನೇ ಎಂದು ಬೆವತುಹೋದೆ.

ಅವತ್ತಿನಿಂದ ಅತ್ತೆ ಊಟ ಬಿಟ್ಟರು. ರೊಟ್ಟಿ ಮುರಿದು ಬಾಯಿಗೆ ಹಿಡಿದರೆ ಮುಖ ತಿರುಗಿಸುವರು. ಎರಡು ಗುಟುಕು ಅಂಬಲಿ, ಅದೂ ಕಾಡಿದ ಮೇಲೆ. ಕಣ್ಣು ಮಾತ್ರ ಆ ಪಟ್ಟಿ ನೆಲದ ಮೇಲೆ. ನಾನು ಅಡಿಗೆಮನೆಯಲ್ಲಿದ್ದರೆ, ಇದ್ದೇನೋ ಇಲ್ಲವೋ ಎಂದು ಘಳಿಗೆಗೊಮ್ಮೆ ಕೂಗುವರು: ‘ಅದೀ ಏನ?’ ಇದ್ದೇನೆ ಎನ್ನಲು ‘ಅದೇನ್ರಿ ಅತ್ತ್ಯಾರ’ ಅನ್ನಬೇಕು. ಅಂದರೆ ಸುಮ್ಮನಾಗುವರು. ಸ್ವಲ್ಪ ಹೊತ್ತಿಗೆ ಮತ್ತೆ ‘ಅದೀ ಏನ?’

ಇನ್ನೊಂದು ಮಾತು ಹೇಳುತ್ತೇನೆ, ನಂಬಿದರೆ ನಂಬಿರಿ. ಬೆಳಿಗ್ಗೆ ಸೆಗಣಿ ಸಾರಿಸಿದರೆ ಮನೆಯೆಲ್ಲ ಹೊತ್ತೇರುವುದರೊಳಗೆ ಒಣಗುತ್ತಿತ್ತು. ಆ ಪಟ್ಟಿ ಮಾತ್ರ ಸಂಜೆಯಾದರೂ ಹಸಿಹಸಿ. ಅಲ್ಲಿ ಕಾಲಿಟ್ಟರೆ ತಂಪು ಮೊಣಕಾಲಿನವರೆಗೆ ಏರುತ್ತಿತ್ತು. ‘ಅಲ್ಲೆ ಕಾಲಿಡಬ್ಯಾಡ’ ಎಂದು ಅತ್ತೆ ಗದರುವರು. ಒಂದು ದಿನ ಮುಂಜಾನೆಯಿಂದ ಸಂಜೆಯವರೆಗೆ ಹೊಟ್ಟೆಯಲ್ಲಿ ಕೂಸು ಅಲುಗಾಡಲಿಲ್ಲ. ಸಂಜೆ ದೀಪ ಹಚ್ಚುವಾಗ ಒಮ್ಮೆ ಒದ್ದಿತು. ನಾನು ಕಂಬ ಹಿಡಿದು ಅತ್ತುಬಿಟ್ಟೆ.

ಮರುದಿನ ಸಿಟ್ಟು ತಡೆಯಲಾಗಲಿಲ್ಲ. ಊರ ಮಂದಿಯ ಬಾಯಲ್ಲಿ ಸೊಸೆ ಉಪವಾಸ ಕೆಡವಿ ಕೊಂದಳೆಂದು ಅನ್ನಿಸಬೇಕೆಂದಿದ್ದೀರಾ, ತಪ್ಪಾಯಿತು ಎಂದು ಎಷ್ಟು ಸಲ ಹೇಳಲಿ, ನಾನು ನಿಮ್ಮನ್ನು ಅಳೆಯಲಿಲ್ಲ, ಹೊರಸಿಗೆ ಜಾಗ ಅಳೆದೆ ಎಂದು ಹರಿಹಾಯ್ದೆ. ಅತ್ತೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಬಹಳ ಮೆಲ್ಲಗೆ ಅಂದರು:

‘ನನ್ನ ಅಳತಿ ಅಂತ ಯಾರ ಅಂದ್ರು? ಪಾದ ಯಾರದು?’

ಪಾದ ನನ್ನದು. ಅಲ್ಲಿಯವರೆಗೆ ನನಗೆ ಅದು ತಲೆಗೇ ಬಂದಿರಲಿಲ್ಲ. ಮುದುಕಿ ತನ್ನ ಜೀವಕ್ಕೆ ಹೆದರಿ ಅನ್ನ ಬಿಟ್ಟಿರಲಿಲ್ಲ, ನನ್ನ ಜೀವಕ್ಕೆ ಹೆದರಿ ಬಿಟ್ಟಿದ್ದರು. ಬಾಣಂತನ ಆಗಬೇಕಾದ ಜಾಗದಲ್ಲಿ ನಾನೇ ನನ್ನ ಕಾಲಿಂದ ನನ್ನ ಕುಣಿ ಅಳೆದಿದ್ದೆ. ಸಿಟ್ಟೆಲ್ಲ ಇಳಿದು ಹೋಯಿತು.

ಮಾಸ್ತರರಿಗೆ ಹೇಳಿದೆ. ಅವರು ನಕ್ಕು ಸಾಲಿಯ ಫೂಟಪಟ್ಟಿ ತಂದು ಅಳೆದರು. ಉದ್ದ ಆರು ಫೂಟು ಹತ್ತು ಇಂಚು, ಅಗಲ ನಾಲ್ಕು ಫೂಟೂ ಇಲ್ಲ, ಎಲ್ಲಿಯ ಒಂಬತ್ತು, ಎಲ್ಲಿಯ ಐದು ಅಂದರು. ಅತ್ತೆ ಗೋಡೆಯ ಕಡೆ ಮುಖ ಮಾಡಿದರು. ನಕ್ಕದ್ದೇನೋ ನಕ್ಕರು, ಆದರೆ ಎದ್ದು ಹೋಗುವಾಗ ಮಾಸ್ತರರೂ ಆ ಪಟ್ಟಿಯನ್ನು ತುಳಿಯದೆ ಗೋಡೆಯಂಚು ಹಿಡಿದೇ ಹೋದದ್ದನ್ನು ನಾನು ನೋಡಿದೆ.

ಎರಡು ದಿನ ಬಿಟ್ಟು ಅತ್ತೆ ಕರೆದರು. ಮಂಚದ ಮೇಲೆ ಕಾಲು ಇಡು ಅಂದರು. ಹಿರಿಯರ ಹಾಸಿಗೆಯ ಮೇಲೆ ಕಾಲಿಡುವುದುಂಟೇ ಎಂದು ಹಿಂಜರಿದರೆ, ಇಡು ಅಂದ್ರ ಇಡು ಎಂದು ಗದರಿದರು. ಸೀರೆಯ ಅಂಚಿನಿಂದ ಒಂದು ದಾರ ಹಿರಿದುಕೊಂಡಿದ್ದರು. ಒಂದು ಕೈ ಬಿದ್ದುಹೋಗಿತ್ತಲ್ಲ, ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ನನ್ನ ಹಿಮ್ಮಡಕ್ಕೆ ಬಾಯಿ ತಂದು, ಬಲಗೈಯಿಂದ ಇನ್ನೊಂದು ತುದಿಯನ್ನು ಹೆಬ್ಬೆರಳಿನವರೆಗೆ ಎಳೆದು ಗಂಟು ಹಾಕಿಸಿದರು. ನನ್ನ ಕಾಲಿಗೆ ಅವರ ಉಸಿರು ತಾಗಿತು.

‘ಕೂಸಿನ್ನ ಎತ್ಗೊಂಡು ಹೊರಗ ಅಡ್ಡ್ಯಾಡಾಕ ಚಪ್ಪಲಿ ಬ್ಯಾಡೇನ? ಹೊಲಿಸ್ತೇನಿ.’

ಚಪ್ಪಲಿಗೆ ಯಾರಾದರೂ ದಾರದಿಂದ ಅಳೆಯುತ್ತಾರೆಯೇ, ಹಾಳೆಯ ಮೇಲೆ ಕಾಲಿಟ್ಟು ಗೆರೆ ಎಳೆಯುತ್ತಾರೆ ಅಂದೆ. ಬಾಯಿ ಮುಚ್ಚು ಅಂದರು. ಆ ಸಂಜೆ ತಾವಾಗಿಯೇ ರೊಟ್ಟಿ ಕೇಳಿ, ಅಗಸಿ ಹಿಂಡಿ ಹಚ್ಚಿಸಿಕೊಂಡು ಒಂದೂವರೆ ರೊಟ್ಟಿ ತಿಂದರು. ಮಗನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿಸಿ ಏನೋ ಮಾತಾಡಿದರು. ಮಾಸ್ತರರು ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಏನೆಂದು ಕೇಳಿದರೆ ಏನಿಲ್ಲ ಅಂದರು.

ನನಗೆ ದಿನ ತುಂಬುತ್ತ ಬಂದಿತ್ತು. ಒಂದು ಮಧ್ಯಾಹ್ನ ಹಿಟ್ಟು ಸಾಣಿಸುತ್ತಿದ್ದೆ. ‘ಅದೀ ಏನ?’ ಎಂದು ಅತ್ತೆ ಕೂಗಿದರು. ‘ಅದೇನ್ರಿ’ ಅಂದೆ. ಆಮೇಲೆ ಎಷ್ಟು ಹೊತ್ತಾದರೂ ಎರಡನೇ ಸಲ ಕೂಗಲಿಲ್ಲ. ಸಾಣಿಗೆ ಕೆಳಗಿಟ್ಟೆ, ಆದರೆ ಒಳಗೆ ಹೋಗಲು ಧೈರ್ಯ ಬರದೆ ಅಲ್ಲೇ ಕೂತೆ. ಕೂಗು ನಿಂತದ್ದರಲ್ಲೇ ನನಗೆ ಗೊತ್ತಾಗಿತ್ತು.

ಮರುದಿನ ಮಣ್ಣು ಮಾಡಿದರು. ಬಂದವರೇ ಮಾಸ್ತರರು ಬಾವಿಯ ಹತ್ತಿರ ಸ್ನಾನ ಮಾಡಿ, ಎರಡು ದಿನ ನನ್ನ ಕಣ್ಣಿಗೆ ಕಣ್ಣು ಕೂಡಿಸಲಿಲ್ಲ. ತಾಯಿ ಹೋದ ಸಂಕಟವೆಂದು ನಾನೂ ಕೆದಕಲಿಲ್ಲ. ಮೂರನೇ ದಿನ ನೆಲ ಸಾರಿಸಿದೆ. ಮನೆಯಲ್ಲೆಲ್ಲ ಮೊದಲು ಒಣಗಿದ್ದು ಆ ಪಟ್ಟಿ ನೆಲ.

ಹದಿನೈದು ದಿನಕ್ಕೆ ಅದೇ ಜಾಗದಲ್ಲಿ, ಬಡಿಗ ಮಾಡಿಕೊಟ್ಟ ಹೊರಸಿನ ಮೇಲೆ ಹೆಣ್ಣು ಕೂಸು ಹುಟ್ಟಿತು. ಮೂರನೇ ದಿನ ಬಂತು, ಹೋಯಿತು. ಕೂಸು ಉಳಿಯಿತು, ನಾನೂ ಉಳಿದೆ. ತಿಂಗಳಾದ ಮೇಲೆ ಹಿತ್ತಲಿಗೆ ಇಳಿಯುವಾಗ ಬರಿಗಾಲಿಗೆ ಮುಳ್ಳು ಚುಚ್ಚಿತು. ನನ್ನ ಬಾಯಿ ಗೊತ್ತಲ್ಲ, ನಿಮ್ಮವ್ವ ಚಪ್ಪಲಿ ಹೊಲಿಸುತ್ತೇನೆಂದು ಹೇಳಿ ಹೇಳಿಯೇ ಹೋದರು, ಕೊಡುವ ಕೈಯಲ್ಲ ಅದು ಅಂದುಬಿಟ್ಟೆ. ಮಾಸ್ತರರು ಮುಳ್ಳು ಕಿತ್ತು ಅಂಗೈಯಲ್ಲಿಟ್ಟುಕೊಂಡು ಅಂದರು:

‘ಅದು ಚಪ್ಪಲಿ ದಾರ ಅಲ್ಲ. ನಿನಗ ಹೇಳಬಾರದಂತ ಅವ್ವ ನನ್ನ ಕಡೆ ಆಣಿ ಮಾಡಿಸ್ಗೊಂಡಿದ್ಲು. ಅಳದ ಜಾಗಾ ಖಾಲಿ ಇರಾಂಗಿಲ್ಲ, ಯಾರರೆ ತುಂಬಬೇಕು ಅಂದ್ಲು. ಆಕಿ ಕುಣಿ ಆ ದಾರದ ಅಳತೀಲೆ ತಗಿಸೇನಿ.’

ಕುಣಿ ತೋಡುವವನು ಹೆಣದ ಕಾಲು ನೋಡಿ, ದಾರ ನೋಡಿ, ಇಷ್ಟು ಸಣ್ಣ ಪಾದಕ್ಕೆ ಇಷ್ಟು ಉದ್ದ ದಾರವೇ ಎಂದು ಎರಡು ಸಲ ಕೇಳಿದನಂತೆ. ಅಳಿ ಅಂದಷ್ಟು ಅಳಿಯಪಾ ಎಂದರಂತೆ ಮಾಸ್ತರರು. ಒಂಬತ್ತು ದಾರ ಉದ್ದ, ಐದು ದಾರ ಅಗಲ. ನಾನು ಕೂಸನ್ನು ಎದೆಗವುಚಿಕೊಂಡು, ಅತ್ತೆ ಸತ್ತಾಗಲೂ ಅಳದಷ್ಟು ಅತ್ತುಬಿಟ್ಟೆ.

ಮೂರು ವರ್ಷಕ್ಕೆ ಹುಕ್ಕೇರಿಗೆ ವರ್ಗವಾಯಿತು. ಹೊಸ ಚೀಟಿ ಬರೆಯಲು ದಲಾಲ ಬಂದ. ಕೂಡಿಸಿ ಚಹಾ ಕೊಟ್ಟೆ. ಬಾವಿಯ ನೀರು ಖರೆ ಸಿಹಿ ಇದೆ, ನೆರೆಯೂ ಒಳ್ಳೆಯದು, ಬರೆದುಕೋ ಅಂದೆ. ಕೋಣೆಯ ಬಗ್ಗೆ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೊರಡುವಾಗ ಹೊರಸು ಇದ್ದ ಕಡೆ ಒಮ್ಮೆ ನೋಡಿ ಟೊಪ್ಪಿಗೆ ತೆಗೆದ.

ಆ ಕೂಸಿಗೆ ಈಗ ಮೊಮ್ಮಕ್ಕಳಿವೆ. ಅತ್ತೆ ನಡೆದಾಡುವ ಕಾಲದ ಚಪ್ಪಲಿ ಒಂದು ಜೊತೆ ನನ್ನ ಟ್ರಂಕಿನಲ್ಲಿದೆ, ಹುಡುಗಿಯರ ಚಪ್ಪಲಿಯಷ್ಟು ಸಣ್ಣದು. ನನ್ನ ಕಾಲಕ್ಕೆ ಅದರ ಅಳತೆಯಲ್ಲೇ ಕುಣಿ ತೆಗೆಸು ಎಂದು ಮಗಳಿಗೆ ಹೇಳಿಟ್ಟಿದ್ದೇನೆ. ಅಷ್ಟರಲ್ಲಿ ನೀ ಹಿಡಿಸುತ್ತೀಯೇನು ಎಂದು ಅವಳು ಕೇಳುತ್ತಾಳೆ. ನನ್ನ ಕುಣಿಯಲ್ಲಿ ಅತ್ತೆ ಕೂತಿದ್ದಾರೆ, ನಾನು ಅವರದರಲ್ಲಿ ಕೂಡಬೇಕು. ಸ್ವಲ್ಪ ಒತ್ತಾಗುತ್ತದೆ, ಆಗಲಿ.