ಕನ್ನಡಿ ನೋಡಿಕೊಂಡು ಮಾತಾಡುತ್ತಿದ್ದವನು

ನಮ್ಮ ರೂಮಿನಲ್ಲಿ ಮೂವರಿದ್ದೆವು. ಮೂವರ ಪಾಲಿನ ಮಾತನ್ನೂ ಒಬ್ಬನೇ ಆಡುತ್ತಿದ್ದ. ಅವನನ್ನು ನಾವು ಅಣ್ಣ ಅನ್ನುತ್ತಿದ್ದೆವು. ವಯಸ್ಸಿನಲ್ಲಿ ದೊಡ್ಡವನು ಅನ್ನುವುದು ಒಂದು ಕಾರಣ. ಎದುರು ಮಾತಾಡಲು ಸಂದು ಕೊಡುತ್ತಿರಲಿಲ್ಲ ಅನ್ನುವುದು ಇನ್ನೊಂದು. ಅವನದು ಕ್ಷೌರದ ಕೆಲಸ. ಎರಡು ಬೀದಿ ಆಚೆ, ಬಸ್ ನಿಲ್ದಾಣದ ಎದುರು, ಎರಡೇ ಕುರ್ಚಿಯ ಅಂಗಡಿ. ನಾನು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವನು. ಮೂರನೆಯವನು ಪೇಂಟರ್. ಜನರ ಮನೆಗಳ ಒಳಗೆ ಬಣ್ಣ ಹೊಡೆಯುತ್ತಿದ್ದ. ನಮಗಿಬ್ಬರಿಗಿಂತ ಚಿಕ್ಕವನು, ಎಲ್ಲದಕ್ಕೂ ಹೆದರುವವನು.

ಅಣ್ಣ ಆ ದೇಶಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಲ್ಲಿನ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಹತ್ತು ಹನ್ನೆರಡು ಪದ: ಚಿಕ್ಕದು, ಇನ್ನೂ ಚಿಕ್ಕದು, ಗಡ್ಡ, ಕಿವಿ, ತಲೆ ಬಗ್ಗಿಸಿ, ಸಾಕಾ. ಉಳಿದ ವ್ಯವಹಾರವೆಲ್ಲ ಕನ್ನಡದಲ್ಲೇ. ಗಿರಾಕಿ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ, ಅಣ್ಣ ತನ್ನ ಭಾಷೆಯಲ್ಲಿ. ಗಿರಾಕಿ ತನ್ನ ಆಫೀಸಿನ ಸಾಹೇಬನನ್ನು ಬೈದರೆ ಇವನು "ಇರಲಿ ಬಿಡಿ ಸ್ವಾಮಿ, ಎಲ್ಲ ಕಡೆ ಇದೇ ಗೋಳು" ಅನ್ನುತ್ತಿದ್ದ. ಆಮೇಲೆ ಇಬ್ಬರೂ ಸೇರಿ ನಗುತ್ತಿದ್ದರು. ನಾನೇ ಕಣ್ಣಾರೆ ನೋಡಿದ್ದೇನೆ.

"ಅವರು ಹೇಳೋದು ನಿನಗೆ ಹೇಗೆ ಗೊತ್ತಾಗತ್ತೆ ಅಣ್ಣ?" ಅಂತ ಒಮ್ಮೆ ಕೇಳಿದ್ದೆ.

"ಕನ್ನಡಿ ಇದೆಯಲ್ಲ. ನಾನು ಅವರ ಕಣ್ಣು ನೋಡ್ತೀನಿ, ಅವರು ನನ್ನ ಬಾಯಿ ನೋಡ್ತಾರೆ. ಮುಖ ಕಂಡ್ರೆ ಸಾಕು ಕಣೋ. ಭಾಷೆ ಏನು ಮಹಾ."

ಹಾಗೆ ತಿಳಿದುಕೊಂಡದ್ದನ್ನೆಲ್ಲ ಸಂಜೆ ಹೊತ್ತುಕೊಂಡು ಬಂದು ನಮ್ಮ ಮುಂದೆ ಸುರಿಯುತ್ತಿದ್ದ. ಪೋಸ್ಟ್‌ಮ್ಯಾನಿಗೆ ಹುಡುಗಿ ಸಿಕ್ಕಿದಳು. ಔಷಧಿ ಅಂಗಡಿಯವನ ಮಗ ಮನೆ ಬಿಟ್ಟು ಹೋದ. ಎರಡು ವಾರಕ್ಕೊಮ್ಮೆ ಶನಿವಾರ ಬರುವ ಮುದುಕರೊಬ್ಬರು, ಅವರಿಗೆ ಅಣ್ಣ ಮೇಷ್ಟ್ರು ಅಂತ ಹೆಸರಿಟ್ಟಿದ್ದ, ಹೊಸ ಹಲ್ಲಿನ ಸೆಟ್ ಹಾಕಿಸಿಕೊಂಡರು. ಹತ್ತು ಗಂಟೆ ಒಗೆಯುವ ಯಂತ್ರಗಳ ಗದ್ದಲ ಕೇಳಿ ಬಂದ ನನಗೆ ಇದೆಲ್ಲ ಯಾಕೆ ಬೇಕು? "ಅಣ್ಣ, ಸ್ವಲ್ಪ ಬಾಯಿ ಮುಚ್ಚು" ಅಂತ ಒಟ್ಟಿಗಿದ್ದ ಏಳು ವರ್ಷದಲ್ಲಿ ಎಷ್ಟು ಸಲ ಹೇಳಿದ್ದೇನೋ. ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಪೇಂಟರನ ಕಡೆ ತಿರುಗಿ ಮುಂದುವರಿಸುತ್ತಿದ್ದ.

ಒಂದು ಸೋಮವಾರ ಆ ಅಂಟುರೋಗಕ್ಕೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿತು. ಹೋಟೆಲ್ ಮುಚ್ಚಿತು, ಕ್ಷೌರದಂಗಡಿಯ ಶಟರ್ ಇಳಿಯಿತು, ಪೇಂಟರನನ್ನು ಯಾರೂ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಮೊದಲ ವಾರ ಹಾಯಾಗಿ ಮಲಗಿದೆವು. ಎರಡನೆಯ ವಾರ ಜಗಳವಾಡಿದೆವು. ಮೂರನೆಯ ವಾರ ಒಂದು ವಿಚಿತ್ರ ನಡೆಯಿತು. ಹುಟ್ಟಿದ ಊರು ನೆನಪಾಗುವುದು ಬಿಟ್ಟು, ದಿನವೂ ಬೈದುಕೊಂಡು ಓಡಾಡುತ್ತಿದ್ದ ಈ ಊರೇ ನೆನಪಾಗತೊಡಗಿತು. ಬಸ್ಸಿನಲ್ಲಿ ಪಕ್ಕೆಗೆ ಮೊಣಕೈ ತಿವಿಯುತ್ತಿದ್ದ ದಪ್ಪ ಹೆಂಗಸು. ಬ್ರೆಡ್ ಕೇಳಿದರೆ ನಾನೇನೋ ಅವಳ ಆಸ್ತಿ ಕೇಳಿದ ಹಾಗೆ ಮುಖ ಸಿಂಡರಿಸುತ್ತಿದ್ದ ಬೇಕರಿಯವಳು. "ನನ್ನನ್ನು ಯಾರಾದ್ರೂ ತಳ್ಳಿದ್ರೆ ಸಾಕು ಅನ್ನಿಸ್ತಿದೆ" ಅಂದ ಪೇಂಟರ್. ನಾನು ನಗಲಿಲ್ಲ. ಊರು ಬಿಟ್ಟು ಬಂದವನಿಗೆ ತನ್ನದು ಅಂತ ಏನಿರುತ್ತದೆ? ಮನೆ ಬಾಡಿಗೆಯದು, ಭಾಷೆ ಬೇರೆಯವರದು. ದಿನಾ ಅದೇ ಬಸ್ಸಿನಲ್ಲಿ ಕಾಣುವ ಹತ್ತು ಮುಖ ಮಾತ್ರ ನಮ್ಮವು. ಹೆಸರು ಗೊತ್ತಿಲ್ಲದಿದ್ದರೂ ನಮ್ಮವು. ಅವೂ ಹೋದ ಮೇಲೆ ನಾವು ಎಲ್ಲಿದ್ದೇವೆ ಅನ್ನುವುದೇ ತಿಳಿಯದಾಯಿತು.

ನಮಗೆ ಹತ್ತು ಮುಖವಾದರೆ ಅಣ್ಣನಿಗೆ ಸಾವಿರ. ಮೊದಮೊದಲು ನಮ್ಮ ತಲೆಗಳ ಮೇಲೆ ಬಿದ್ದ. ವಾರಕ್ಕೆರಡು ಸಲ ಕತ್ತರಿಸಿದ. ಕೊನೆಗೆ ಪೇಂಟರ್ ತಲೆ ಮೇಲೆ ಕಂಬಳಿ ಎಳೆದುಕೊಂಡು, "ಇನ್ನು ಉಳಿದಿರೋದು ಹುಬ್ಬು ಮಾತ್ರ ಅಣ್ಣ, ಅದನ್ನಾದ್ರೂ ಬಿಡು" ಅಂತ ಗೋಗರೆದ. ಕತ್ತರಿ ಡಬ್ಬಿ ಸೇರಿತು. ಅಲ್ಲಿಂದ ಅಣ್ಣನ ಮಾತು ಕಡಿಮೆಯಾಯಿತು. ಐದನೆಯ ವಾರಕ್ಕೆ "ಹೂಂ", "ಊಹೂಂ" ಉಳಿದವು. ಆರನೆಯ ವಾರಕ್ಕೆ ಅವೂ ಇಲ್ಲ.

ಹೆಂಡತಿ ದೂರದಿಂದ ಫೋನ್ ಮಾಡಿದರೆ ಕಿವಿಗಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಒಂದು ದಿನ ಆಕೆ ನನಗೇ ಮಾಡಿದರು. ನಾನು ಆಕೆಯನ್ನು ಕಂಡವನಲ್ಲ, ಆದರೂ ಅತ್ತಿಗೆ ಅನ್ನುತ್ತಿದ್ದೆ.

"ಇವರಿಗೆ ಏನೋ ಆಗಿದೆ," ಅಂದರು. "ಮದುವೆಯಾಗಿ ಇಪ್ಪತ್ತು ವರ್ಷ. ಸಾಕು ಫೋನ್ ಇಡಿ ಅಂತ ನಾನೇ ಹೇಳ್ತಿದ್ದೆ. ಅವರಾಗಿ ಇಟ್ಟಿದ್ದೇ ಇಲ್ಲ. ದಯವಿಟ್ಟು ಒಂಚೂರು ನೋಡ್ಕೊಳ್ಳಿ."

ನೋಡಿಕೊಳ್ಳುವುದು ಹೇಗೆ? ತಟ್ಟೆ ಮುಂದಿಟ್ಟರೆ ತಟ್ಟೆಯನ್ನೇ ನೋಡುತ್ತಿದ್ದ. ಗಡ್ಡ ಬೆಳೆದಿತ್ತು. ಜನರ ಗಡ್ಡ ತೆಗೆದೇ ಬದುಕಿದವನು ತನ್ನದನ್ನು ಮುಟ್ಟಲಿಲ್ಲ. ಇಡೀ ದಿನ ಕಿಟಕಿಯ ಹತ್ತಿರ ನಿಂತಿರುತ್ತಿದ್ದ. ಕೆಳಗೆ ಖಾಲಿ ರಸ್ತೆ. ನಮ್ಮದು ನಾಲ್ಕನೆಯ ಮಹಡಿ. ಒಂದು ಬೆಳಗ್ಗೆ ಅವನು ಕಿಟಕಿಯ ಕಟ್ಟೆಯ ಮೇಲೆ ಒಂದು ಮೊಣಕಾಲು ಊರಿದ್ದ. ಹಿಂದಿನಿಂದ ಅಂಗಿ ಹಿಡಿದು ಎಳೆದೆ. ಯಾಕೆ ಎಳೆದೆ ಅಂತಲೂ ಅವನು ಕೇಳಲಿಲ್ಲ. ಆ ಮಧ್ಯಾಹ್ನವೇ ಕಿಟಕಿಯ ಚಿಲಕಕ್ಕೆ ತಂತಿ ಸುತ್ತಿದೆ. ನನಗೆ ನಿಜವಾಗಿ ಭಯವಾಗಿತ್ತು. ಇವನನ್ನು ಮಾತಾಡಿಸದಿದ್ದರೆ ಇವನು ಉಳಿಯುವುದಿಲ್ಲ ಅನ್ನಿಸಿಬಿಟ್ಟಿತು.

ಅದಾದ ಮೂರನೆಯ ದಿನ ಬಾಗಿಲು ತಟ್ಟಿದ್ದು ಮೇಷ್ಟ್ರ ಮಗಳು. ಕ್ಷೌರದಂಗಡಿಯ ಮಾಲೀಕನಿಂದ ವಿಳಾಸ ತಿಳಿದುಕೊಂಡು ಬಂದಿದ್ದಳು. ಅವಳು ಹೇಳಿದ್ದನ್ನು ಪೇಂಟರ್ ನಮಗೆ ತಿಳಿಸಿದ. ಹತ್ತು ಮನೆ ಹೊಕ್ಕು ಬಂದವನಾದ್ದರಿಂದ ಭಾಷೆ ಅವನಿಗೆ ಚೆನ್ನಾಗಿ ಬರುತ್ತಿತ್ತು. ಅಪ್ಪ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಕೂದಲು ಗಡ್ಡ ಬೆಳೆದು ತಮ್ಮನ್ನು ತಾವೇ ಗುರುತಿಸಲಾಗದ ಹಾಗೆ ಆಗಿದ್ದಾರೆ. ತಮ್ಮ ಕ್ಷೌರದವನೇ ಬೇಕು ಅಂತ ಹಟ. ಕದ್ದು ಬಂದು ಹೋಗಲು ಆಗುತ್ತದೆಯೇ?

ಅಣ್ಣ ಎದ್ದು ನಿಂತ. ಎಷ್ಟೋ ದಿನದ ಮೇಲೆ ಅವನ ಕಣ್ಣು ಒಂದು ಕಡೆ ನೆಟ್ಟದ್ದು ಕಂಡೆ. ಅವನು ನನ್ನ ಮುಖ ನೋಡಿದ.

"ಬೇಡ ಅಣ್ಣ," ಅಂದ ಪೇಂಟರ್. "ಆ ಮುದುಕರಿಗೆ ಏನಾಗಿದೆಯೋ ಏನೋ. ಯಾಕೆ ಬೇಕು?"

"ನೀನು ಸುಮ್ಮನಿರೋ ಪುಕ್ಕಲ," ಅಂದೆ ನಾನು. "ಅಣ್ಣ, ನೀನು ಹೋಗಿ ಬಾ. ಏನೂ ಆಗಲ್ಲ. ಮಾಸ್ಕ್ ಮಾತ್ರ ತೆಗೀಬೇಡ."

ನಾನೇ ಅವನ ಮುಖಕ್ಕೆ ಎರಡು ಮಾಸ್ಕ್ ಕಟ್ಟಿದೆ. ಕಳಿಸಿದವನು ನಾನೇ. ಇದನ್ನು ಬೇರೆಯವರ ಮೇಲೆ ಹಾಕಲು ಬರುವುದಿಲ್ಲ.

ಎರಡು ಗಂಟೆ ಬಿಟ್ಟು ಮೆಟ್ಟಿಲಿನಿಂದಲೇ ಅವನ ದನಿ ಕೇಳಿತು. ಮಾತಾಡಿಕೊಂಡೇ ಹತ್ತಿ ಬರುತ್ತಿದ್ದ. ಮೇಷ್ಟ್ರ ಮನೆಯ ಪುಸ್ತಕದ ಕಪಾಟು, ಅವರ ಬೆಕ್ಕು, ಅವರ ಹೆಂಡತಿಯ ಫೋಟೋ. ಗೋಡೆಯ ಕನ್ನಡಿ ಇಳಿಸಿ ಹಾಸಿಗೆಯ ಎದುರು ಕುರ್ಚಿ ಮೇಲೆ ಇಟ್ಟುಕೊಂಡನಂತೆ. ಎರಡು ತಿಂಗಳಿನ ಸುದ್ದಿ ಪೂರ್ತಿ ಹೇಳಿದನಂತೆ, ಮೇಷ್ಟ್ರು ಎರಡು ಸಲ ನಕ್ಕರಂತೆ.

"ಆ ನಗುವಿನ ಜೊತೆಗೇ ಕೆಮ್ಮು ಬಂದುಬಿಡ್ತು ಪಾಪ. ವಯಸ್ಸಾಯ್ತಲ್ಲ."

"ಮಾಸ್ಕ್ ಹಾಕ್ಕೊಂಡಿದ್ದೆ ತಾನೆ?" ಅಂತ ಕೇಳಿದ ಪೇಂಟರ್.

"ಹಾಕ್ಕೊಂಡಿದ್ದೆನಪ್ಪ. ಮಾತಾಡುವಾಗ ಗಲ್ಲಕ್ಕೆ ಇಳಿಸಿದೆ. ಬಾಯೇ ಕಾಣದಿದ್ರೆ ನಾನು ಹೇಳೋದು ಅವರಿಗೆ ಹೇಗೆ ತಿಳಿಯತ್ತೆ?"

ಪೇಂಟರ್ ತನ್ನ ಹಾಸಿಗೆಯನ್ನು ಗೋಡೆಯವರೆಗೂ ಎಳೆದುಕೊಂಡ. ನಾನು ನಕ್ಕುಬಿಟ್ಟೆ. ಆ ನಗು ನನ್ನನ್ನು ಈಗಲೂ ಕಾಡುತ್ತದೆ. ಆದರೆ ಆಗ ನನಗೆ ಕೇಳಿಸಿದ್ದು ಅವನು ಏನು ಹೇಳಿದ ಅನ್ನುವುದಲ್ಲ, ಅವನು ಮಾತಾಡುತ್ತಿದ್ದಾನೆ ಅನ್ನುವುದು ಮಾತ್ರ.

ಅವನು ನಾಲ್ಕು ದಿನ ಎಡೆಬಿಡದೆ ಮಾತಾಡಿದ. ಗಡ್ಡ ತೆಗೆದ, ಊಟ ಮಾಡಿದ, ಹೆಂಡತಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಿದ. ಐದನೆಯ ದಿನ ಜ್ವರ ಬಂತು. ಎಂಟನೆಯ ದಿನ ಒಂದು ವಾಕ್ಯ ಮುಗಿಸಲು ಮೂರು ಸಲ ಉಸಿರು ತೆಗೆದುಕೊಂಡ. ಪೇಂಟರ್ ಆಂಬುಲೆನ್ಸಿಗೆ ಫೋನ್ ಮಾಡಿದ. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟ ಇಬ್ಬರು ಬಂದರು. ಕಣ್ಣಿಗೆ ದಪ್ಪ ಕನ್ನಡಕ, ಬಾಯಿ ಮೂಗು ಪೂರ್ತಿ ಮುಚ್ಚಿತ್ತು. ಅವರು ಏನೋ ಕೇಳಿದರು. ಅಣ್ಣ ಒಬ್ಬನನ್ನು ನೋಡಿದ, ಇನ್ನೊಬ್ಬನನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಇವರ ಮುಖ ಎಲ್ಲೋ?" ಅಂದ.

ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಜೊತೆಗೆ ಬರುತ್ತೇನೆ ಅಂದರೆ ಅವರು ಬಿಡಲಿಲ್ಲ. ಕಾಗದದಲ್ಲಿ ನನ್ನ ಫೋನ್ ನಂಬರ್ ಬರೆದುಕೊಂಡರು. ನಾವಿಬ್ಬರೂ ಹದಿನಾಲ್ಕು ದಿನ ಹೊರಗೆ ಕಾಲಿಡಬಾರದು ಅಂತ ಬಾಗಿಲಿಗೆ ಚೀಟಿ ಅಂಟಿಸಿ ಹೋದರು.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಒಬ್ಬ ನರ್ಸ್. ನನಗೆ ಗೊತ್ತಿದ್ದದ್ದು ಲಾಂಡ್ರಿಯ ಭಾಷೆ: ಒದ್ದೆ, ಒಣಗಿದೆ, ಕಲೆ, ಬೇಗ ಬೇಗ. ಫೋನನ್ನು ಪೇಂಟರನಿಗೆ ಕೊಟ್ಟೆ. ಅವನು ಕೇಳಿಸಿಕೊಂಡು ಹೇಳಿದ. ಅಣ್ಣನ ಗಂಟಲಿಗೆ ಕೊಳವೆ ಹಾಕಿದ್ದಾರೆ. ಮಾತಾಡಲಾಗುವುದಿಲ್ಲ, ಕಣ್ಣು ತೆರೆಯುತ್ತಿಲ್ಲ. ಆದರೆ ಕಿವಿ ಕೇಳಿಸಬಹುದು. ಅವನ ಭಾಷೆಯಲ್ಲಿ ಯಾರಾದರೂ ಮಾತಾಡಿದರೆ ಒಳ್ಳೆಯದು. ದಿನಾ ಇದೇ ಹೊತ್ತಿಗೆ ಹತ್ತು ನಿಮಿಷ ಅವನ ಕಿವಿಯ ಹತ್ತಿರ ಫೋನ್ ಹಿಡಿಯುತ್ತೇನೆ ಅಂದಳಂತೆ ಆ ಪುಣ್ಯಾತ್ಗಿತ್ತಿ.

ಮೊದಲ ದಿನ ಪೇಂಟರನ ಫೋನಿನಲ್ಲಿ ಅತ್ತಿಗೆಯನ್ನು ಹಿಡಿದು, ಎರಡೂ ಫೋನ್ ಅಕ್ಕಪಕ್ಕ ಇಟ್ಟೆವು. ಆಕೆ "ರೀ" ಅಂದರು. ಆಮೇಲೆ ಹತ್ತು ನಿಮಿಷವೂ ಅತ್ತರು. ನರ್ಸ್ ಫೋನ್ ತೆಗೆದ ಮೇಲೆ ಮೂಗು ಒರೆಸಿಕೊಂಡು ನನಗೆ ಹೇಳಿದರು: "ನನ್ನಿಂದಾಗಲ್ಲ. ನಾನು ಅತ್ರೆ ಅವರು ಹೆದರ್ತಾರೆ. ನಾಳೆಯಿಂದ ನೀವೇ ಮಾತಾಡಿ. ನಾನು ಸುಮ್ಮನೆ ಕೇಳಿಸ್ಕೊಳ್ತೀನಿ."

"ನಾನೇನು ಮಾತಾಡಲಿ ಅತ್ತಿಗೆ? ನನಗೆ ಮಾತು ಬರಲ್ಲ."

"ಅಂಗಡಿ ತೆಗೆದಿದೆ ಅಂತ ಹೇಳಿ."

"ಸುಳ್ಳಲ್ವಾ ಅದು?"

"ಮನೆಗೆ ಬನ್ನಿ ಅಂತ ನಾನು ಕರೆದ್ರೆ ಅವರು ಏಳಲ್ಲ," ಅಂದರು ಆಕೆ. "ಗಿರಾಕಿ ಕಾಯ್ತಿದ್ದಾರೆ ಅಂದ್ರೆ ಏಳ್ತಾರೆ. ನನಗೆ ಗೊತ್ತು ಅವರ ಬುದ್ಧಿ."

ಮರುದಿನ ನಾಲ್ಕಕ್ಕೆ ಕಿಟಕಿಯ ಹತ್ತಿರ ಕೂತೆ. ಹೊರಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನರ್ಸ್ ಏನೋ ಹೇಳಿದಳು. ಆಮೇಲೆ ಫೋನಿನಲ್ಲಿ ಒಂದು ಯಂತ್ರದ ಸದ್ದು, ಉಸಿರೆಳೆದು ಬಿಡುವ ಸದ್ದು. ಪೇಂಟರ್ ಬೆನ್ನಿಗೆ ತಿವಿದ.

"ಅಣ್ಣ, ನಾನು," ಅಂದೆ. "ಎಲ್ಲ ತೆಗೆದಿದೆ ಅಣ್ಣ. ನಿನ್ನೆಯಿಂದ ಬಸ್ ಬಿಟ್ಟಿದ್ದಾರೆ. ಕಾಲಿಡೋಕೆ ಜಾಗ ಇಲ್ಲ. ಆ ದಪ್ಪ ಹೆಂಗಸು ನನ್ನ ಕಾಲು ತುಳಿದು, ನನ್ನನ್ನೇ ಗುರಾಯಿಸಿದಳು. ಬೇಕರಿ ಮುಂದೆ ಒಂದೇ ಜಗಳ. ನಿನ್ನ ಅಂಗಡಿ ಮುಂದೆ ಏಳು ಜನ ನಿಂತಿದ್ದಾರೆ ಅಣ್ಣ, ನಾನೇ ಎಣಿಸಿದೆ. ಪೋಸ್ಟ್‌ಮ್ಯಾನ್ ಕೂದಲಿಗೆ ರಬ್ಬರ್ ಬ್ಯಾಂಡ್ ಹಾಕ್ಕೊಂಡಿದ್ದಾನೆ, ಹಿಂದಿನಿಂದ ನೋಡಿದ್ರೆ ಯಾರ ಮನೆ ಸೊಸೆಯೋ ಅನ್ನಬೇಕು. ಮಾಲೀಕ ನಿನ್ನ ಕುರ್ಚಿಗೆ ಯಾರನ್ನೋ ತಂದು ನಿಲ್ಲಿಸಿದ್ದ. ಅವನು ಔಷಧಿ ಅಂಗಡಿಯವನ ತಲೆಯನ್ನ ಇಲಿ ಕಚ್ಚಿದ ಹಾಗೆ ಮಾಡಿಟ್ಟ. ಈಗ ಎಲ್ಲರೂ ನಿನ್ನನ್ನೇ ಕೇಳ್ತಿದ್ದಾರೆ. ಮೇಷ್ಟ್ರೂ ಬಂದಿದ್ದಾರೆ ಅಣ್ಣ. ಎಲ್ಲರಿಗಿಂತ ಮುಂದೆ ನಿಂತಿದ್ದಾರೆ."

ಮೇಷ್ಟ್ರು ತೀರಿಕೊಂಡು ಆಗಲೇ ನಾಲ್ಕು ದಿನವಾಗಿತ್ತು.

ಎಲ್ಲಿಂದ ಬಂತೋ ಆ ಮಾತು. ನಾನು ಮಾತಾಡತೊಡಗಿದ ಎರಡನೆಯ ದಿನ ಇನ್ನೂ ಸುಲಭವಾಯಿತು. ಬಸ್ ಕೆಟ್ಟು ನಿಂತದ್ದು, ಇಪ್ಪತ್ತು ಜನ ಇಳಿದು ತಳ್ಳಿದ್ದು, ಎಲ್ಲವನ್ನೂ ಹೇಳಿದೆ. ಅಂಗಡಿ ಮುಂದಿನ ಸಾಲು ಔಷಧಿ ಅಂಗಡಿಯವರೆಗೂ ಬೆಳೆಯಿತು. ಹೇಳುತ್ತಾ ಹೇಳುತ್ತಾ ನನಗೇ ಆ ಗದ್ದಲ ಕೇಳಿದಂತಾಗಿ ಕಣ್ಣು ತುಂಬಿಬಂತು. ಮೂರನೆಯ ದಿನ ನರ್ಸ್ ಹೇಳಿದ್ದನ್ನು ಕೇಳಿ ಪೇಂಟರ್ ಕುಣಿದಾಡಿಬಿಟ್ಟ. ನಾನು ಮಾತಾಡುವಾಗ ಅಣ್ಣನ ರೆಪ್ಪೆ ಅಲುಗಾಡಿತಂತೆ. ಅತ್ತಿಗೆ ಆ ಕಡೆಯಿಂದ, "ನಾನು ಹೇಳಲಿಲ್ವಾ? ಇನ್ನೂ ಹತ್ತು ಜನ ಸೇರಿಸಿ ನಾಳೆ," ಅಂದರು.

ನಾಲ್ಕನೆಯ ದಿನ ಬೆಳಗ್ಗೆಯಿಂದಲೇ ಸುಳ್ಳು ಹೊಂದಿಸಿಕೊಂಡು ಕೂತೆ. ನಾಲ್ಕಕ್ಕೆ ಸರಿಯಾಗಿ ಫೋನ್ ಬಂತು. ಅತ್ತಿಗೆ ಪೇಂಟರನ ಫೋನಿನಲ್ಲಿ ಮೊದಲೇ ಕಾದಿದ್ದರು. "ಅಣ್ಣ, ಕೇಳಿಲ್ಲಿ, ಇವತ್ತು ಏನಾಯ್ತು ಗೊತ್ತಾ" ಅಂತ ಶುರು ಮಾಡಿಯೇಬಿಟ್ಟೆ.

ನರ್ಸ್ ನನ್ನನ್ನು ತಡೆದಳು. ಇಂದು ಹಿಂದೆ ಯಂತ್ರದ ಸದ್ದು ಇರಲಿಲ್ಲ. ಅವಳು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಭಾಷೆ ಬಾರದವನಿಗೆ ಹೇಳುವ ಹಾಗೆ ಹೇಳಿದಳು. ಪೇಂಟರ್ ಫೋನಿಗೆ ಕೈ ಚಾಚಿದ. ನಾನು ಕೊಡಲಿಲ್ಲ. ಅಷ್ಟು ಭಾಷೆ ನನಗೂ ಬರುತ್ತಿತ್ತು. ಆದರೂ ಇನ್ನೊಮ್ಮೆ ಹೇಳಿ ಅಂದೆ. ಅವಳು ಇನ್ನೊಮ್ಮೆ ಹೇಳಿ ಫೋನ್ ಇಟ್ಟಳು.

ನರ್ಸಿನ ಭಾಷೆ ತಿಳಿಯದ ಅತ್ತಿಗೆ ಇನ್ನೊಂದು ಫೋನಿನಲ್ಲಿ ಸ್ವಲ್ಪ ಹೊತ್ತು ಕಾದರು.

"ಯಾಕೆ ನಿಲ್ಲಿಸಿದ್ರಿ?" ಅಂದರು. "ಮಾತಾಡಿ. ಇನ್ನೂ ಹತ್ತು ನಿಮಿಷ ಆಗಿಲ್ಲ."