ಅರಮನೆ ಪಟದ ಹಿಂದಿನ ನವಿಲು

ಹೆಣ್ಣು ನೋಡಲು ಶಿವಮೊಗ್ಗದ ನಮ್ಮ ಮನೆಗೆ ಬಂದ ದಿನ ನಮ್ಮತ್ತೆ ನನ್ನ ಮುಖಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ನನ್ನ ಕಸೂತಿಯನ್ನು. ಮ್ಯಾಟಿ ಬಟ್ಟೆಯ ಮೇಲೆ ರೇಷ್ಮೆ ನೂಲಿನಲ್ಲಿ ಜೋಡಿ ನವಿಲು, ನಡುವೆ ಕೆಂಪು ಹೂವಿನ ಕುಂಡ. ಎರಡು ಬೇಸಿಗೆ ರಜೆ ಕಿಟಕಿಯ ಬಳಿ ಕೂತು ಹಾಕಿದ್ದು. ಅಪ್ಪ ಅದಕ್ಕೆ ತೇಗದ ಕಟ್ಟು ಹಾಕಿಸಿದ್ದರು. ಹುಡುಗಿಗೆ ಕೈಗೆಲಸ ಚೆನ್ನಾಗಿ ಬರುತ್ತದೆ ಎಂದು ಅತ್ತೆ ಅಲ್ಲೇ ಒಪ್ಪಿಬಿಟ್ಟರು, ಹಾಡು ಕೂಡ ಹೇಳಿಸಲಿಲ್ಲ. ನನ್ನ ಮದುವೆ ಕುದುರಿಸಿದ್ದು ಆ ನವಿಲುಗಳೇ ಎಂದು ಅಮ್ಮ ಕೇರಿಯವರಿಗೆಲ್ಲ ಹೇಳಿಕೊಂಡು ಬಂದಳು.

ಭದ್ರಾವತಿಯ ಕ್ವಾರ್ಟರ್ಸಿಗೆ ಆ ಪಟವನ್ನು ಮಡಿಲಲ್ಲಿಟ್ಟುಕೊಂಡು ಬಂದರೆ ಅಲ್ಲಿ ಮೊಳೆ ಹೊಡೆಯಲು ಜಾಗವೇ ಇರಲಿಲ್ಲ. ಹಜಾರದ ಗೋಡೆಗಳ ತುಂಬ ಅರಮನೆಗಳು. ಮೈಸೂರಿನದು, ಉದಯಪುರದ್ದು, ಜೈಪುರದ್ದು, ಗ್ವಾಲಿಯರಿನದು, ಎಲ್ಲ ಹಳೇ ಕಾಲದ ಬಣ್ಣದ ಅಚ್ಚಿನವು. ಯಾರೋ ದೊಡ್ಡ ಅಧಿಕಾರಿಯ ಮನೆಯ ಹರಾಜಿನಲ್ಲಿ ನಮ್ಮ ಮಾವ ಬದುಕಿದ್ದಾಗ ಕೊಂಡು ತಂದಿದ್ದರಂತೆ. ರಾಜರ ಆಳ್ವಿಕೆ ಮುಗಿದು ಹತ್ತು ವರ್ಷವಾಗಿದ್ದರೂ ನಮ್ಮ ಹಜಾರದಲ್ಲಿ ಮುಗಿದಿರಲಿಲ್ಲ. ನನ್ನ ಗಂಡ ಕಾರ್ಖಾನೆಯಲ್ಲಿ ಗುಮಾಸ್ತರು. ಮನೆ ಎಂದರೆ ಎರಡು ಕೋಣೆ, ಮಳೆ ಬಂದರೆ ಸೋರುವ ಅಡುಗೆಮನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥದ್ದನ್ನೇ. ಬಂದವರನ್ನು ಅತ್ತೆ ಒಂದೊಂದು ಪಟದ ಮುಂದೆಯೂ ನಿಲ್ಲಿಸಿ, ತವರುಮನೆ ತೋರಿಸುವ ಹಾಗೆ ವಿವರಿಸುತ್ತಿದ್ದರು. ಅವರು ಮೈಸೂರನ್ನೂ ಕಂಡವರಲ್ಲ.

ನವಿಲುಗಳನ್ನು ಎಲ್ಲಿ ಹಾಕೋಣ ಎಂದು ಕೇಳಿದಾಗಲೆಲ್ಲ ಹಬ್ಬ ಕಳೆಯಲಿ, ಸುಣ್ಣ ಬಳಿಸಿದ ಮೇಲೆ ನೋಡೋಣ ಎಂದು ಇವರು ಮುಂದಕ್ಕೆ ಹಾಕಿದರು. ಬೇಕಿದ್ದರೆ ಅಡುಗೆಮನೆಯಲ್ಲಿ ಹಾಕಿಕೊಳ್ಳಲಿ ಎಂದರು ಅತ್ತೆ. ಅದನ್ನು ಹೊಗೆಗೆ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ, ಪಟ ಮಂಚದ ಕೆಳಗೆ ಸೇರಿತು. ಆ ಮನೆಯಲ್ಲಿ ಪಾತ್ರೆ ಅವರದು, ಹಾಸಿಗೆ ಅವರದು, ನಾನೂ ಅವರವಳೇ. ಗೋಡೆಯ ಮೇಲೆ ಮೊಳದಗಲದ ಜಾಗ ನನ್ನದು ಅನ್ನಿಸಿಕೊಂಡರೆ ಸಾಕಿತ್ತು. ಇದಕ್ಕಿಂತ ದೊಡ್ಡದೇನನ್ನೂ ನಾನು ಅವರಲ್ಲಿ ಕೇಳಲಿಲ್ಲ.

ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಇಲ್ಲಿ ಉದಯಪುರದ ಅರಮನೆಗೆ ಗೆದ್ದಲು ಹತ್ತಿತ್ತು. ಕೂಸನ್ನೆತ್ತಿಕೊಂಡು ವಾಪಸು ಬಂದು ನೋಡಿದರೆ ಉದಯಪುರ ಹೊಸ ಕಟ್ಟಿನಲ್ಲಿ ಹೊಳೆಯುತ್ತಿತ್ತು. ಹೊಸದೆಲ್ಲಿ ಬಂತು, ನಮ್ಮಪ್ಪ ಹಾಕಿಸಿದ್ದ ತೇಗದ ಕಟ್ಟು ಅದು. ನನ್ನ ಬಟ್ಟೆ ಎಲ್ಲಿ ಎಂದು ಇವರನ್ನು ಕೇಳಿದೆ.

"ಎಲ್ಲೂ ಹೋಗಿಲ್ಲ ಮಾರಾಯ್ತಿ, ಅದರ ಹಿಂದೇನೇ ಇದೆ. ಕಾಗದ ಪುಡಿಪುಡಿ ಆಗ್ತಿತ್ತು, ಆಧಾರಕ್ಕೆ ಒಂದು ಬಟ್ಟೆ ಅಂಟಿಸ್ಬೇಕು ಅಂದ ಬಜಾರಿನ ಪಟದಂಗಡಿಯವನು. ಅಳತೇನೂ ಸರಿಹೋಯ್ತು."

ಬಿಡಿಸಿಕೊಡಿ ಎಂದೆ. ಬಿಡಿಸಿದರೆ ಅರಮನೆ ಹರಿದುಹೋಗುತ್ತದೆ ಎಂದರು.

"ಹರೀಲಿ" ಅಂದೆ.

ಇವರು ನಕ್ಕರು. ಹಸಿ ಬಾಣಂತಿ, ತಲೆ ಸರಿಯಿಲ್ಲ ಎಂದು ಅತ್ತೆ ಒಳಗಿನಿಂದ ದನಿಗೂಡಿಸಿದರು. ಆ ನಗುವನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅತ್ತೆ ನೆಂಟರ ಮನೆಗೆಂದು ಆಯನೂರಿಗೆ ಹೋದ ದಿನ ಪಟ ಇಳಿಸಿ ಹಿಂದಿನ ಮೊಳೆಗಳನ್ನು ಕಿತ್ತೆ. ಅಂಗಡಿಯವನು ನವಿಲುಗಳ ಮುಖಕ್ಕೇ ಮೈದಾ ಅಂಟು ಬಳಿದು ಅರಮನೆ ಕೂರಿಸಿದ್ದ. ಹಿಂದಿನಿಂದ ಕಾಣುತ್ತಿದ್ದದ್ದು ಬರೀ ನೂಲಿನ ಗಂಟುಗಳು. ದೊಡ್ಡ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಅದನ್ನು ಮುಳುಗಿಸಿದೆ. ಅರಮನೆ ಚೂರುಚೂರಾಗಿ ಎದ್ದು ಬಂತು, ಮೊದಲು ಸರೋವರ, ಆಮೇಲೆ ಗೋಪುರಗಳು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಅಷ್ಟರಲ್ಲಿ ನೀರು ಕೆಂಪಗಾಗತೊಡಗಿತು. ರೇಷ್ಮೆ ನೂಲು ಬಣ್ಣ ಬಿಡುತ್ತಿತ್ತು. ಗಾಬರಿಯಿಂದ ಎತ್ತಿ ಹರವಿದರೆ ಹೂವಿನ ಕೆಂಪು ನವಿಲುಗಳ ನೀಲಿಗೆ ಇಳಿದು, ಎರಡೂ ಹಕ್ಕಿಗಳು ಕಂದು ಮುದ್ದೆಯಾಗಿದ್ದವು. ನೆಲದ ಮೇಲೆ ಕೂತು ಅಳುತ್ತಿದ್ದೆ, ಕೂಸು ಎದ್ದು ಚೀರುವವರೆಗೂ.

ಸಂಜೆ ಬಂದ ಅತ್ತೆ ಅರಮನೆಗಾಗಿ ಎದೆ ಬಡಿದುಕೊಂಡು ಗೋಳಾಡಿದರು. ಇವರು ನನ್ನ ಜೊತೆ ಮಾತು ಬಿಟ್ಟರು. ಸುದ್ದಿ ತಿಳಿದು ಸಾಲುಮನೆಯ ಹೆಂಗಸರೆಲ್ಲ ಬಂದು, ಎಂಥಾ ಪಟ ಹೋಯಿತಲ್ಲ ಎಂದು ಅತ್ತೆಯನ್ನು ಸಮಾಧಾನಪಡಿಸಿ, ನಾನು ಮಾಡಿಕೊಟ್ಟ ಕಾಫಿ ಕುಡಿದು ಹೋದರು. ಹಿತ್ತಲ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಯಲ್ಲಿ ಏನಿತ್ತೆಂದು ಒಬ್ಬರೂ ಕೇಳಲಿಲ್ಲ.

ಮುಂದಿನ ಸಂಬಳವಾದ ಮೇಲೆ ಇವರು ಶಿವಮೊಗ್ಗದಿಂದ ಇನ್ನೊಂದು ಅರಮನೆ ತಂದರು, ಯಾವ ಊರಿನದೋ ಏನೋ. ಖಾಲಿಯಾಗಿದ್ದ ಅಪ್ಪನ ಕಟ್ಟಿಗೇ ಅದನ್ನು ಕೂರಿಸಿ, ಸ್ಟೂಲು ಹತ್ತಿ, ಗೋಡೆಗೆ ತೂಗುಹಾಕಿದರು. ಅಷ್ಟು ದಿನಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಇದು.

"ನೆಟ್ಟಗಿದ್ಯಾ ನೋಡು."

ಎಡಕ್ಕೆ ಚೆನ್ನಾಗಿಯೇ ವಾಲಿತ್ತು.

"ನೆಟ್ಟಗಿದೆ" ಅಂದೆ.