ಗಾಳಿ ಹಾಕುವ ಕೆಲಸ

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ನಮ್ಮ ಅಪ್ಪಯ್ಯನ ಟೈಲರ್ ಅಂಗಡಿ ಇತ್ತು. ಸಾಗರದ ಬಸ್ಸಿನ ಕಂಡಕ್ಟರೊಬ್ಬ ಅಲ್ಲೇ ಖಾಕಿ ಹೊಲಿಸುತ್ತಿದ್ದ. ಒಂದು ಮಧ್ಯಾಹ್ನ ಅಳತೆ ಕೊಡಲು ಬಂದವನು, ನಿಮ್ಮ ಮನೆ ಹುಡುಗಿಯರು ಪೆಟ್ಟಿಗೆ ಬಾರಿಸುತ್ತಾರಲ್ಲ ಎಂದು ಜೇಬಿನಿಂದ ಹಳದಿ ಬಣ್ಣದ ಕರಪತ್ರ ತೆಗೆದುಕೊಟ್ಟ. ಸಾಗರದ ಒಂದು ಸಂಗೀತ ಸಭೆಯವರು ಮೂರು ತಾಲೂಕಿನ ಮಕ್ಕಳಿಗೆ ಹಾರ್ಮೋನಿಯಂ ಸ್ಪರ್ಧೆ ಇಟ್ಟಿದ್ದರು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತು ಆಗಿನ್ನೂ ಎರಡು ವರ್ಷವಾಗಿತ್ತು.

ನಮ್ಮ ಮನೆಗೆ ಹಾರ್ಮೋನಿಯಂ ಬಂದದ್ದೂ ಆ ನೀರಿನ ದೆಸೆಯಿಂದಲೇ. ಅಮ್ಮನ ತವರೂರು ಮುಳುಗುವ ಹಳ್ಳಿಗಳ ಪಟ್ಟಿಯಲ್ಲಿತ್ತು. ಸಾಮಾನು ಹೇರಿದ ಲಾರಿಯಲ್ಲಿ ಜಾಗವಿಲ್ಲವೆಂದು ಅಜ್ಜನ ನಾಟಕದ ಕಾಲದ ಹಾರ್ಮೋನಿಯಂ ನಮ್ಮ ಮನೆ ಸೇರಿತು. ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಅಪ್ಪಯ್ಯನ ಹತ್ತಿರ ನಾಟಕದ ವೇಷ ಹೊಲಿಸುವ ಮೇಷ್ಟರೊಬ್ಬರಿದ್ದರು. ಅವರು ಭಾನುವಾರ ಭಾನುವಾರ ಬಂದು ನನಗೂ ತಂಗಿಗೂ ಸ್ವರ ಹೇಳಿಕೊಟ್ಟರು.

ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು. ಮೂರನೇ ವರ್ಷದಲ್ಲಿ ಬಂದ ಜ್ವರದಲ್ಲಿ ಅವಳ ಎಡಗೈ ಸೋತುಹೋಗಿತ್ತು. ಬಳೆ ಹಾಕಿದರೆ ಹಾಕಿದ ಹಾಗೆ ಇರುತ್ತಿತ್ತು, ಅದರಿಂದ ಒಂದು ಲೋಟ ಎತ್ತಲಾಗುತ್ತಿರಲಿಲ್ಲ. ಕೈ ಹಾರ್ಮೋನಿಯಂ ನುಡಿಸುವವರು ಬಲಗೈಯಲ್ಲಿ ಸ್ವರದ ಮನೆ ಒತ್ತುತ್ತಾರೆ, ಎಡಗೈಯಲ್ಲಿ ಹಿಂದಿನ ತಿದಿಯನ್ನು ಹಿಂದೆ ಮುಂದೆ ಆಡಿಸಿ ಗಾಳಿ ಹಾಕುತ್ತಾರೆ. ಇವಳಿಗೆ ಒಂದೇ ಕೈ. ಆದ್ದರಿಂದ ಅವಳ ಎದುರು, ಪೆಟ್ಟಿಗೆಯ ಆಚೆ ಬದಿಗೆ ಕೂತು ಗಾಳಿ ಹಾಕುವ ಕೆಲಸ ನನ್ನದಾಯಿತು. ಯಾರೂ ನನ್ನನ್ನು ಕೇಳಿ ಕೊಟ್ಟ ಕೆಲಸವಲ್ಲ ಅದು. ಅಕ್ಕ ಅಂದಮೇಲೆ ಹಾಕಬೇಕು, ಅಷ್ಟೇ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗೊಣಗಿಕೊಂಡೇ ಹಾಕುತ್ತಿದ್ದೆ. ಆದರೆ ಹಾಕುತ್ತ ಹಾಕುತ್ತ ಅದು ನನಗೆ ಚೆನ್ನಾಗಿ ಬಂದುಬಿಟ್ಟಿತು. ಎದುರಿಗೇ ಅವಳ ಮುಖ. ಉದ್ದದ ಸ್ವರ ಬರುವ ಮೊದಲು ಅವಳು ಕೆಳದುಟಿ ಒಳಗೆಳೆದುಕೊಳ್ಳುತ್ತಿದ್ದಳು, ಅವಳಿಗೇ ಗೊತ್ತಿಲ್ಲದ ಅಭ್ಯಾಸ. ಅದನ್ನು ಕಂಡಕೂಡಲೇ ನಾನು ತಿದಿ ತುಂಬಿಸಿ, ಅವಳು ಸ್ವರ ಹಿಡಿದಷ್ಟು ಹೊತ್ತೂ ಮೆಲ್ಲಗೆ ಒತ್ತುತ್ತಿದ್ದೆ.

ಕರಪತ್ರ ತಂದ ದಿನ ಅಪ್ಪಯ್ಯ ಊಟಕ್ಕೆ ಕೂರುವ ಮೊದಲೇ ನಿಯಮಗಳನ್ನು ಜೋರಾಗಿ ಓದಿದರು. ಸಭೆಯ ಕಾರ್ಯದರ್ಶಿಗಳು ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರಂತೆ. ಕಂದಾಯದ ನೋಟೀಸು ಬರೆದ ಕೈಯಲ್ಲೇ ಇದನ್ನೂ ಬರೆದಿದ್ದರು. ಸ್ಪರ್ಧಿಯು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಪೈಕಿ ಒಂದರ ವಾಸಿಯಾಗಿರತಕ್ಕದ್ದು. ವಯಸ್ಸು ಹದಿನಾಲ್ಕು ತುಂಬಿರಕೂಡದು, ಹೆಡ್‌ಮಾಸ್ಟರ ದೃಢೀಕರಣ ಲಗತ್ತಿಸತಕ್ಕದ್ದು. ವಾದ್ಯವನ್ನು ಸ್ಪರ್ಧಿಯೇ ತರತಕ್ಕದ್ದು. ಅವಧಿ ಆರು ನಿಮಿಷ, ಗಂಟೆ ಬಾರಿಸಿದ ನಂತರ ನುಡಿಸಿದ್ದನ್ನು ಗಣನೆಗೆ ತೆಗೆದುಕೊಳ್ಳಲಾಗುವುದಿಲ್ಲ. ಸಿನಿಮಾ ಧಾಟಿ ನಿಷಿದ್ಧ. ನುಡಿಸುವಾಗ ಬಾಯಿಬಿಟ್ಟು ಹಾಡಕೂಡದು, ತಲೆ ತೂಗಲು ಅಡ್ಡಿಯಿಲ್ಲ. ಇಲ್ಲಿಗೆ ಬಂದಾಗ ಅಮ್ಮನಿಗೂ ನಗು ತಡೆಯಲಿಲ್ಲ. ಏಳನೆಯದು ಓದುವಾಗ ಅಪ್ಪಯ್ಯನ ದನಿ ಇಳಿಯಿತು: ಸ್ಪರ್ಧಿಯು ಅನ್ಯರ ಸಹಾಯವಿಲ್ಲದೆ ನುಡಿಸತಕ್ಕದ್ದು.

ಬಹುಮಾನ ಮೂರು. ಮೊದಲನೆಯದು ಬೆಳ್ಳಿ ಪದಕ, ಜೊತೆಗೆ ನವರಾತ್ರಿಯಲ್ಲಿ ಸಭೆಯ ವೇದಿಕೆಯ ಮೇಲೆ ಅರ್ಧ ಗಂಟೆ ನುಡಿಸುವ ಅವಕಾಶ. ಎರಡನೆಯದು ಸ್ಟೀಲಿನ ಟಿಫಿನ್ ಕ್ಯಾರಿಯರ್. ಮೂರನೆಯದು ಫೌಂಟನ್ ಪೆನ್ನು. ನನಗೆ ಹದಿಮೂರು ತುಂಬಿ ಹದಿನಾಲ್ಕು ನಡೆಯುತ್ತಿತ್ತು. ಸ್ಪರ್ಧೆಯನ್ನು ವರ್ಷವರ್ಷವೂ ನಡೆಸುತ್ತೇವೆ ಎಂದು ಕರಪತ್ರದ ಕೆಳಗೆ ಬರೆದಿದ್ದರು, ಸರಿಯೇ, ಆದರೆ ಮುಂದಿನ ವರ್ಷಕ್ಕೆ ಅವರ ಲೆಕ್ಕದಲ್ಲಿ ನಾನು ಮುದುಕಿ. ಆ ಪದಕ ನನಗೆ ಬೇಕಾಗಿತ್ತು. ಇಷ್ಟು ವರ್ಷದ ಮೇಲೆ ಸುಳ್ಳು ಹೇಳಿ ಏನಾಗಬೇಕು? ಬಹಳ ಬೇಕಾಗಿತ್ತು. ಲಂಗದ ಮೇಲಿನ ಜಾಕೀಟಿಗೆ ಅದನ್ನು ಎಲ್ಲಿ ಚುಚ್ಚಿಕೊಳ್ಳಬೇಕೆಂದು ಕನ್ನಡಿ ಮುಂದೆ ನಿಂತು ನೋಡಿಯೂ ಇದ್ದೆ.

ಅಪ್ಪಯ್ಯ ಇಬ್ಬರ ಹೆಸರಲ್ಲೂ ಅರ್ಜಿ ಹಾಕಿ, ಜೊತೆಗೊಂದು ಕಾಗದ ಬರೆದರು. ಕಿರಿಯವಳಿಗೆ ಎಡಗೈ ಸ್ವಾಧೀನದಲ್ಲಿಲ್ಲ, ಗಾಳಿ ಹಾಕಲು ಇನ್ನೊಬ್ಬರು ಬೇಕು, ದೊಡ್ಡಮನಸ್ಸು ಮಾಡಬೇಕು ಎಂದು. ಹದಿನೈದು ದಿನಕ್ಕೆ ಕಾರ್ಡು ಬಂತು. ವಿಶೇಷ ಸಂದರ್ಭವೆಂದು ಪರಿಗಣಿಸಿ ಸಹಾಯಕರನ್ನು ಹೊಂದಲು ಅನುಮತಿ ಕೊಟ್ಟಿದೆ, ಆದರೆ ಒಬ್ಬ ಸ್ಪರ್ಧಿಯು ಮತ್ತೊಬ್ಬ ಸ್ಪರ್ಧಿಗೆ ಸಹಾಯಕನಾಗತಕ್ಕದ್ದಲ್ಲ.

ಅಂದರೆ ನಾನು ನುಡಿಸಬಹುದು, ಇಲ್ಲವೇ ಅವಳಿಗೆ ಗಾಳಿ ಹಾಕಬಹುದು. ಎರಡೂ ಆಗುವುದಿಲ್ಲ.

ಕಾರ್ಡನ್ನು ಓದಿದ ಮೇಲೆ ಮನೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ, ದೊಡ್ಡವರಾದವರು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ ಎಂದು ಅಕ್ಕಿಗೇ ಹೇಳಿದರು. ಅಪ್ಪಯ್ಯ ಗದರಿದರು. ಎರಡು ಮಕ್ಕಳೂ ತನಗೆ ಒಂದೇ, ಒಬ್ಬಳ ಹೆಸರು ಹೊಡೆದುಹಾಕಲು ತನ್ನ ಕೈಯಲ್ಲಾಗುವುದಿಲ್ಲ ಎಂದರು. ಕೊನೆಗೆ ಮಾತಾಡಿದವಳು ತಂಗಿ.

"ಅಕ್ಕ ನುಡಿಸ್ಲಿ. ನಂಗೆ ಅಪ್ಪಯ್ಯ ಗಾಳಿ ಹಾಕ್ತಾರೆ."

ನಾನು ಒಂದು ಸಲ ಬೇಡ ಅನ್ನಬಹುದಿತ್ತು, ಬಾಯಿಮಾತಿಗಾದರೂ. ಅನ್ನಲಿಲ್ಲ. ಎದ್ದು ಹೋಗಿ ನನ್ನ ಮೋಹನ ರಾಗದ ಅಭ್ಯಾಸಕ್ಕೆ ಕೂತೆ.

ಅಪ್ಪಯ್ಯನಿಗೆ ಇದೇನು ಮಹಾ ಕೆಲಸ ಅನ್ನಿಸಿತ್ತು. ಇಪ್ಪತ್ತು ವರ್ಷದಿಂದ ಕಾಲಲ್ಲಿ ಹೊಲಿಗೆ ಮೆಷಿನ್ ತುಳಿದವನಿಗೆ ಕೈಯಲ್ಲಿ ಒಂದು ಹಲಗೆ ಆಡಿಸುವುದು ಕಷ್ಟವೇ ಎಂದು ನಗುತ್ತಿದ್ದರು. ಹಬ್ಬದ ಬಟ್ಟೆ, ಮದುವೆಯ ಬಟ್ಟೆ ಎಂದು ಅಂಗಡಿಯಲ್ಲಿ ಕೈತುಂಬ ಕೆಲಸ. ಅವರಿಬ್ಬರೂ ಕೂಡಿ ಅಭ್ಯಾಸ ಮಾಡಿದ್ದು ನಾಲ್ಕು ಸಂಜೆ ಮಾತ್ರ.

ಮೊದಲ ಸಂಜೆಯೇ ನನಗೆ ತಪ್ಪು ಗೊತ್ತಾಯಿತು. ಅಪ್ಪಯ್ಯ ಮೆಷಿನ್ ತುಳಿಯುವ ಲಯದಲ್ಲೇ ಗಾಳಿ ಹಾಕುತ್ತಿದ್ದರು. ಒಂದೇ ಸಮ, ಒಂದು ಚೂರೂ ಹೆಚ್ಚಿಲ್ಲ ಕಡಿಮೆಯಿಲ್ಲ, ಉದ್ದದ ಅಂಚು ಹೊಲಿದ ಹಾಗೆ. ಹಾಡಿಗೆ ಉಸಿರು ಬೇಕಾದಲ್ಲಿ ತಿದಿ ಖಾಲಿಯಾಗಿರುತ್ತಿತ್ತು, ಸುಮ್ಮನಿರಬೇಕಾದಲ್ಲಿ ಅದರ ಹೊಟ್ಟೆ ಉಬ್ಬಿರುತ್ತಿತ್ತು. ತಂಗಿ ಆರಿಸಿಕೊಂಡದ್ದು ನಿಧಾನದ ಒಂದು ದೇವರನಾಮದ ಧಾಟಿ, ಅದರ ತುಂಬ ಉದ್ದುದ್ದದ ಸ್ವರಗಳು. ಅವಳು ಅಪ್ಪಯ್ಯಾ ಸ್ವಲ್ಪ ನಿಧಾನ ಎನ್ನುವಳು. ಅವರು ನಿಧಾನವಾಗಿ, ಆದರೆ ಹಾಗೇ ಒಂದೇ ಸಮ ಹಾಕುವರು. ಅವರ ಕಣ್ಣು ತಿದಿಯ ಮೇಲೆ ನೆಟ್ಟಿರುತ್ತಿತ್ತು, ಸೂಜಿಯ ಮೇಲೆ ನೆಟ್ಟ ಹಾಗೆ. ಅವಳ ಮುಖವನ್ನು ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ತಂಗಿಗೂ ಏನು ಕೆಟ್ಟಿದೆ ಎಂದು ತಿಳಿಯುತ್ತಿರಲಿಲ್ಲ. ಗಾಳಿ ತಾನಾಗಿ ಬರುತ್ತದೆ ಎಂದೇ ಅವಳು ಅಷ್ಟು ವರ್ಷ ನಂಬಿದ್ದಳು.

ನಾನು ಬಾಗಿಲ ಹತ್ತಿರ ಕೂತು ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತಿದ್ದೆ. ತುಟಿ ನೋಡಿ ಹಾಕಿ ಅಪ್ಪಯ್ಯ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಲ್ಕು ಸಂಜೆಯೂ ಬಾಯಿ ತನಕ ಬಂತು, ನಾಲ್ಕು ಸಂಜೆಯೂ ನುಂಗಿದೆ. ಅವಳು ನನಗಿಂತ ಚೆನ್ನಾಗಿ ನುಡಿಸುತ್ತಾಳೆಂದು ನನಗೆ ಗೊತ್ತಿತ್ತು. ಮೇಷ್ಟರಿಗೂ ಗೊತ್ತಿತ್ತು. ಸರಿಯಾಗಿ ಗಾಳಿ ಸಿಕ್ಕರೆ ಪದಕ ಅವಳದ್ದು.

ಸ್ಪರ್ಧೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಹಾರ್ಮೋನಿಯಮ್ಮನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಲು ಒಪ್ಪದೆ ಅಪ್ಪಯ್ಯ ತೊಡೆಯ ಮೇಲಿಟ್ಟುಕೊಂಡರು. ಸಾಗರದ ಒಂದು ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸಿದ್ದರು. ಮೂರು ತಾಲೂಕಿನಿಂದ ಹತ್ತೊಂಬತ್ತು ಮಕ್ಕಳು. ಶಿರಸ್ತೇದಾರರು ಕೋಟು, ರುಮಾಲು ಹಾಕಿಕೊಂಡು, ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ದೇವರ ಮನೆಯ ಗಂಟೆ ಹಿಡಿದು ಕೂತಿದ್ದರು.

ನನ್ನದು ಏಳನೇ ಸರದಿ. ಚೆನ್ನಾಗಿಯೇ ನುಡಿಸಿದೆ. ಮುಗಿಸಿದ ಮೇಲೆ ತೀರ್ಪುಗಾರರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದ್ದು ಕಂಡು ಹಿಗ್ಗಿಹೋದೆ.

ಆಮೇಲೆ ತಂಗಿ. ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಅವಳ ಎದುರು ಕೂತರು. ಆರಂಭ ಪರವಾಗಿಲ್ಲ. ಮೊದಲನೇ ಉದ್ದದ ಸ್ವರ ಬಂತು. ಅವಳು ಕೆಳದುಟಿ ಒಳಗೆಳೆದುಕೊಂಡಳು. ಅಪ್ಪಯ್ಯನ ಕಣ್ಣು ತಿದಿಯ ಮೇಲೆ. ಸ್ವರ ಅರ್ಧಕ್ಕೆ ಸೊರಗಿ ನಿಂತಿತು. ಹಾಲಿನಲ್ಲಿ ಯಾರೋ ಕೆಮ್ಮಿದರು. ಅವಳು ಮೊದಲಿನಿಂದ ಹಿಡಿದಳು, ಮತ್ತೆ ಅದೇ ಜಾಗದಲ್ಲಿ ನಿಂತಿತು. ಅಪ್ಪಯ್ಯ ಹೆದರಿ ಜೋರಾಗಿ ಹಾಕಿದರು, ಪೆಟ್ಟಿಗೆ ಒಮ್ಮೆಲೇ ಅರಚಿತು. ಮುಂದಿನ ಸಾಲಿನ ಹುಡುಗರು ನಕ್ಕರು. ನನ್ನ ಬಲಗೈ ಮಡಿಲಲ್ಲಿ ತನ್ನಷ್ಟಕ್ಕೆ ಹಿಂದೆ ಮುಂದೆ ಆಡುತ್ತಿತ್ತು, ಅವಳ ತುಟಿ ನೋಡುತ್ತ ಸರಿಯಾಗಿ ಆಡುತ್ತಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಒತ್ತಿಹಿಡಿದು ಕೂತೆ. ಮೂರನೇ ಸಲ ಅವಳು ಸುಧಾರಿಸಿಕೊಂಡು ಮುಂದೆ ಹೋದಳು, ಅಷ್ಟರಲ್ಲಿ ಶಿರಸ್ತೇದಾರರ ಗಂಟೆ ಬಾರಿಸಿತು. ಅವಳು ಒಂದೇ ಕೈ ಎತ್ತಿ ನಮಸ್ಕಾರ ಮಾಡಿ ಎದ್ದು ಬಂದಳು.

ಪದಕ ತೀರ್ಥಹಳ್ಳಿ ತಾಲೂಕಿನ ಮೇಳಿಗೆ ಕಡೆಯ ಒಬ್ಬ ಹುಡುಗನಿಗೆ ಹೋಯಿತು. ನನಗೆ ಎರಡನೆಯ ಬಹುಮಾನ. ಹೆಸರು ಕರೆದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆಯ ಬದಲು ತೊಡೆ ತಟ್ಟಿದವಳು ತಂಗಿ. ಒಂದೇ ಕೈಯಲ್ಲಿ ಅವಳು ಚಪ್ಪಾಳೆ ಹೊಡೆಯುತ್ತಿದ್ದದ್ದೇ ಹಾಗೆ.

ವಾಪಸು ಬರುವ ಬಸ್ಸಿನಲ್ಲಿ ಪೆಟ್ಟಿಗೆ ಅಪ್ಪಯ್ಯನ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿತ್ತು. ಅರ್ಧ ದಾರಿಯಲ್ಲಿ ತಂಗಿಯ ಕಡೆ ತಿರುಗಿ, ನನ್ನಿಂದಾಗಿ ಹೀಗಾಯಿತು ಮಗಾ ಎಂದರು. ಅವಳು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು.

"ನೀನು ಹೆಂಗೆ ಹಾಕ್ತಿದ್ದೆ ಅಕ್ಕ? ಅಪ್ಪಯ್ಯಂಗೆ ಎಂತಕ್ಕೆ ಹೇಳ್ಕೊಡ್ಲಿಲ್ಲ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳುತ್ತಿದ್ದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಮಡಿಲಲ್ಲಿದ್ದ ಟಿಫಿನ್ ಕ್ಯಾರಿಯರಿನ ಚಿಲಕ ತೆಗೆದು ಹಾಕಿ ಮಾಡುತ್ತ ಕಿಟಕಿಯಾಚೆ ನೋಡಿದೆ. ಅವಳು ಇನ್ನೊಂದು ಸಲ ಕೇಳಲಿಲ್ಲ.

ಮರುದಿನದಿಂದ ಅಪ್ಪಯ್ಯ ಆ ಕ್ಯಾರಿಯರಿನಲ್ಲೇ ಅಂಗಡಿಗೆ ಬುತ್ತಿ ಒಯ್ದರು. ಗಿರಾಕಿಗಳಿಗೆಲ್ಲ, ದೊಡ್ಡ ಮಗಳು ಸಾಗರದಲ್ಲಿ ಗೆದ್ದದ್ದು ಎಂದು ತೋರಿಸುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ತಂಗಿ ಹೇಳಿರಲಿಲ್ಲ, ನಾನೂ ಹೇಳಲಿಲ್ಲ.

ಆದರೆ ತನ್ನಿಂದಲೇ ತಪ್ಪಾಯಿತೆಂಬುದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಳೆಗಾಲದಲ್ಲಿ ಅಂಗಡಿಯ ಒಂದು ಹಳೇ ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡನ್ನು ಮನೆಗೆ ತಂದು, ಅದರ ಮೇಲೆ ಹಾರ್ಮೋನಿಯಂ ಕೂರಿಸಿ, ಕೆಳಗಿನ ಪೆಡಲಿಗೂ ತಿದಿಗೂ ಒಂದು ಸರಳು ಜೋಡಿಸಿದರು. ಕಾಲಲ್ಲಿ ತುಳಿದರೆ ತಿದಿ ಆಡಬೇಕು. ಮೊದಮೊದಲು ಅದು ಕಿರುಗುಟ್ಟಿದ್ದೇ ಬಂತು. ತಂಗಿ ದಿನಾ ಶಾಲೆಯಿಂದ ಬಂದವಳೇ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರುವಳು. ಸ್ವರ ಕುಂಟುತ್ತಿತ್ತು. ನಾನು ಹಾಕಲಾ ಎಂದು ಒಂದೆರಡು ಸಲ ಕೇಳಿದೆ. ಇರ್ಲಿ ಅಕ್ಕ ಎನ್ನುವಳು. ನನಗೆ ಒಳಗೊಳಗೆ ಸಮಾಧಾನ. ಆಡಿಕೊಳ್ಳಲಿ, ಸ್ಪರ್ಧೆ ಬಂದಾಗ ನಾನೇ ಬೇಕಾಗುತ್ತದೆ ಅಂದುಕೊಂಡಿದ್ದೆ. ನನಗೆ ಆಗ ವಯಸ್ಸು ಮೀರಿರುತ್ತದೆ, ಸ್ಪರ್ಧಿಯಲ್ಲ, ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅವಳ ಎದುರು ಕೂತು, ತುಟಿ ನೋಡಿ, ಒಂದು ಸ್ವರವೂ ಸೊರಗದ ಹಾಗೆ ಗಾಳಿ ಹಾಕಿ ಅವಳಿಗೆ ಆ ಪದಕ ಕೊಡಿಸಿಬಿಡಬೇಕು. ಆಮೇಲೆ ಇಬ್ಬರದ್ದೂ ಸರಿಹೋಗುತ್ತದೆ. ಆ ವರ್ಷವೆಲ್ಲ ನಾನು ಇದೊಂದನ್ನೇ ಕಾಯುತ್ತಿದ್ದೆ.

ಮುಂದಿನ ವರ್ಷದ ಅರ್ಜಿ ಅಚ್ಚಾಗಿ ಬಂತು. ನಮ್ಮ ದೆಸೆಯಿಂದ ಶಿರಸ್ತೇದಾರರು ಅದರಲ್ಲಿ ಹೊಸದೊಂದು ಕಾಲಂ ಸೇರಿಸಿದ್ದರು: ಸಹಾಯಕರಿದ್ದಲ್ಲಿ ಅವರ ಹೆಸರು. ನಾನು ಯಾರನ್ನೂ ಕೇಳದೆ ಅದರಲ್ಲಿ ನನ್ನ ಹೆಸರನ್ನು ದುಂಡಗೆ ಬರೆದು, ಉಳಿದದ್ದು ತುಂಬು ಎಂದು ತಂಗಿಗೆ ಕೊಟ್ಟೆ.

ಅವಳು ಕಾಗದವನ್ನು ಮೆಷಿನ್ನಿನ ಸ್ಟ್ಯಾಂಡಿನ ಮೇಲಿಟ್ಟು ಓದಿದಳು. ಕಾಗದ ಸರಿಯದಂತೆ ಅದರ ಮೂಲೆಯ ಮೇಲೆ ಎಡಗೈಯನ್ನು ಬಲಗೈಯಿಂದ ಎತ್ತಿಟ್ಟುಕೊಂಡಳು. ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದಳು.

"ಸಿಟ್ಟೆಂತ ಇಲ್ಲ ಕಣಕ್ಕ," ಎಂದಳು. "ನಂಗೆ ಈಗ ತುಳಿಯೋದು ಬರ್ತದೆ."

ಪಕ್ಕದಲ್ಲಿ 'ಇಲ್ಲ' ಎಂದು ಬರೆದಳು. ಅಪ್ಪಯ್ಯ ಕೆಳಗೆ ಸಹಿ ಹಾಕಿದರು. ಅದನ್ನು ಅಂಚೆ ಡಬ್ಬಿಗೆ ಹಾಕಿ ಬಂದವಳು ನಾನು.